ಗೆಟ್ ಅಂದರೆ ಮುದ್ದೆ ಇಲ್ಲ

ನಮ್ಮ ಮನೆಯಲ್ಲಿ ಮುದ್ದೆ ಬೇಕೆಂದರೆ ಇಂಗ್ಲಿಷ್ ಹೇಳಬೇಕಾಗಿತ್ತು. ಈ ಮಾತು ಹೇಳಿದರೆ ಈಗಿನವರು ನಗುತ್ತಾರೆ. ವಿರೂಪಾಕ್ಷಿಪುರದ ಕಡೆಯ ಹಳ್ಳಿ, ಅದರಲ್ಲೂ ರೇಷ್ಮೆ ಹುಳ ಸಾಕುವ ಮನೆ, ಅಲ್ಲೆಂಥ ಇಂಗ್ಲಿಷು ಎನ್ನುತ್ತಾರೆ. ನಗಲಿ ಬಿಡಿ, ನಗುವಂಥದ್ದೇ. ಅಡುಗೆಮನೆಯ ಒಲೆಯ ಎದುರು ಸಾಲಾಗಿ ಅಜ್ಜಿ, ಅಪ್ಪ, ಅಮ್ಮ, ನಾನು ಕೂರುತ್ತಿದ್ದೆವು. ಬಡಿಸುವವಳು ಅಪ್ಪನ ಕೊನೆಯ ತಂಗಿ ಜಯತ್ತೆ. ಅವಳಿಗೆ ಹದಿನೆಂಟು, ನನಗೆ ಹತ್ತು. ಮುದ್ದೆ ತುಂಬಿದ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು ನನ್ನ ಮುಂದೆ ಬಂದು ನಿಂತರೆ, ಅವಳು ಅತ್ತೆಯಲ್ಲ, ಸಾಕ್ಷಾತ್ ಪರೀಕ್ಷೆಯ ಕೊಠಡಿ.

"ಸುಮ್ಕೆ ಗಂಗಾಳ ಒಡ್ಬೇಡ. ಏನಂತಾರೆ ಹೇಳು."

"ಗೆಟ್."

"ಗೆಟ್ ಅಂದ್ರೆ ಮುದ್ದೆ ಇಲ್ಲ."

ಅಪ್ಪ ಕನಿಕರ ತಡೆಯಲಾರದೆ ಮಧ್ಯೆ ಬಾಯಿ ಹಾಕುತ್ತಿದ್ದ.

"ಮೊದ್ಲು ಮಗೀಗೆ ಇಕ್ಕಮ್ಮಿ, ಆಮೇಲೆ ಇಂಗ್ಲೀಷ್ ಕಲ್ಸೀಯಂತೆ. ಹಸ್ಕೊಂಡೈತೆ."

"ಹಸ್ಕೊಂಡಾಗ್ಲೇ ತಲೆಗೆ ಹತ್ತೋದು ಕಣಣ್ಣ. ಹೇಳೇ ಪುಟ್ಟಿ, ಇವತ್ತು ಸೊಪ್ಪು ಬಿಡ್ಸಿದ್ಯಾ, ಆಟ ಆಡ್ಕೊಂಡ್ ಬಂದ್ಯಾ?"

ಇದು ಅವಳು ಮಾಡಿದ ಕಾನೂನು. ಹುಳಕ್ಕೆ ಸೊಪ್ಪು ಬಿಡಿಸಿ ಬಂದ ದಿನ ಆ ಮುದ್ದೆ 'ಅರ್ನ್' ಮಾಡಿದ್ದು, ಆಟವಾಡಿ ಬಂದ ದಿನ ಬರೀ 'ರಿಸೀವ್' ಮಾಡಿದ್ದು. ಎರಡಕ್ಕೂ ಮುದ್ದೆ ಒಂದೇ ಗಾತ್ರ, ಆದರೆ ರಿಸೀವ್ ಎನ್ನುವಾಗ ಧ್ವನಿ ತಾನಾಗಿಯೇ ಇಳಿಯುತ್ತಿತ್ತು. ಒಂದು ದಿನ ಅಪ್ಪ ಸಂತೆಯಲ್ಲಿ ಹರಟೆ ಹೊಡೆದು ತಡವಾಗಿ ಬಂದು ಕೂತ. ಜಯತ್ತೆ ಪಾತ್ರೆ ಹಿಡಿದು ಅವನ ಮುಂದೆಯೂ ನಿಂತುಬಿಟ್ಟಳು. ಅಪ್ಪ ತಲೆ ತಗ್ಗಿಸಿ "ರಿಸೀವು ಕಣಮ್ಮಿ" ಎಂದ. ಅಮ್ಮ ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡಳು.

ಮನೆ ಎಂದೆನಲ್ಲ, ಅದು ನಿಜವಾಗಿ ಹುಳದ ಮನೆ. ನಡುವಿನ ದೊಡ್ಡ ಪಡಸಾಲೆಯೂ ಅದರ ಪಕ್ಕದ ಕೋಣೆಯೂ ಅವಕ್ಕೆ. ಅಡುಗೆಮನೆ, ಹಿತ್ತಿಲು, ಜಗಲಿ ನಮಗೆ. ಬಿದಿರಿನ ಅಟ್ಟಣಿಗೆಯಲ್ಲಿ ಒಂದರ ಮೇಲೊಂದು ಸಗಣಿ ಸಾರಿಸಿದ ಅಗಲವಾದ ತಟ್ಟೆಗಳು, ಅಟ್ಟಣಿಗೆಯ ಕಾಲುಗಳ ಕೆಳಗೆ ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲು. ಹುಳ ಮೇಯುತ್ತಿರುವಾಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಪೌಡರ್ ಹಾಕಿಕೊಂಡು ಒಳಗೆ ಕಾಲಿಡುವಂತಿಲ್ಲ. ಘಾಟಾದರೆ ಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಎಂದು ಅಜ್ಜಿಯ ಭಯ. ಬಂದ ನೆಂಟರನ್ನೂ ಅವಳು ಜಗಲಿಯಲ್ಲೇ ತಡೆದು, "ಹುಳ ಐತೆ ಕಣವ್ವ, ಅಲ್ಲೇ ಕೂತ್ಕೊ" ಎನ್ನುತ್ತಿದ್ದಳು. ಅಮ್ಮ ಮಾಡುತ್ತಿದ್ದ ಬಸ್ಸಾರಿಗೆ ತಿಂಗಳಿಗೆ ಮೂರು ವಾರ ಸಾಸಿವೆಯ ಭಾಗ್ಯವಿಲ್ಲ. ಆಗ ಮುಖ ಸಿಂಡರಿಸಿ ಉಣ್ಣುತ್ತಿದ್ದೆ. ಈಗ ಆ ಸಪ್ಪೆ ಸಾರಿಗಾಗಿ ನನ್ನ ಜೀವ ಎಷ್ಟು ಬಾಯಿ ಬಿಡುತ್ತದೆ ಎಂದರೆ, ನಮ್ಮ ಮನೆಯಲ್ಲಿ ಒಬ್ಬಳೇ ಇದ್ದ ದಿನ ಒಗ್ಗರಣೆ ಇಲ್ಲದೆ ಮಾಡಿಕೊಂಡು ನೋಡುತ್ತೇನೆ. ಆ ರುಚಿ ಬರುವುದಿಲ್ಲ. ಹುಳದ ಸೊಪ್ಪಿನ ಹಸಿ ವಾಸನೆ ಜೊತೆಗಿರಬೇಕು, ಎದುರಿಗೆ ಪಾತ್ರೆ ಹಿಡಿದು ಒಬ್ಬಳು ಸತಾಯಿಸುತ್ತಿರಬೇಕು.

ಜಯತ್ತೆ ಹತ್ತನೆಯ ತರಗತಿಯಲ್ಲಿ ಮಿಕ್ಕಿದ್ದೆಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಮುಗ್ಗರಿಸಿದ್ದಳು. ಇನ್ನೊಂದೇ ಸಲ ಕಟ್ಟು ಎಂದು ಅಪ್ಪ ಒಪ್ಪಿದ್ದ. ಪಾಸಾದರೆ ರಾಮನಗರದಲ್ಲಿ ಟೀಚರ್ ಟ್ರೈನಿಂಗು, ಇಲ್ಲವಾದರೆ ಬಂದ ಗಂಡಿಗೆ ಕೊಟ್ಟು ಮದುವೆ. ಅವಳಿಗೆ ಟೀಚರಾಗಬೇಕೆಂಬ ಆಸೆ ಎಷ್ಟಿತ್ತೆಂದರೆ, ಹುಳದ ತಟ್ಟೆಗಳನ್ನೇ ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂದು ಕರೆಯುತ್ತಿದ್ದಳು. ಭಾನುವಾರ ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಒಬ್ಬ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡು ಬರುತ್ತಿದ್ದಳು. ಆ ಮೇಷ್ಟ್ರಿಗೆ 'ಗೆಟ್' ಕಂಡರೆ ಮೈಯೆಲ್ಲ ಉರಿ. ಕಾಗದ ಬಂದರೂ ಗೆಟ್, ಜ್ವರ ಬಂದರೂ ಗೆಟ್, ಬಸ್ಸು ಸಿಕ್ಕರೂ ಗೆಟ್, ಬೆನ್ನಿಗೆ ಒದೆ ಬಿದ್ದರೂ ಗೆಟ್, ಇದೆಂಥ ಸೋಮಾರಿತನ, ಪೇಪರ್ ತಿದ್ದುವವನು ಹಿಡಿದು ಹಿಡಿದು ಮಾರ್ಕು ಕೀಳುತ್ತಾನೆ ಎಂದು ಅವರು ಹೆದರಿಸಿದ್ದರು. ಇಂಗ್ಲಿಷಿನವರು ಬೆಳಗೆದ್ದರೆ ಗೆಟ್ ಇಲ್ಲದೆ ಬಾಯಿ ತೆರೆಯಲಾರರು ಎಂದು ಮುಂದೆ ನಾನೇ ಟೀಚರಾದ ಮೇಲೆ ತಿಳಿಯಿತು. ಆಗ ಮೇಷ್ಟ್ರು ಹೇಳಿದ್ದೇ ವೇದವಾಕ್ಯ.

ಪದಗಳು ಮೇಷ್ಟ್ರವು, ವಾಕ್ಯಗಳು ಜಯತ್ತೆಯವು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ, ನೀಲಿ ಮಸಿಯಲ್ಲಿ, ಪ್ರತಿ ಪದಕ್ಕೂ ನಮ್ಮ ಮನೆಯಿಂದಲೇ ಒಂದು ಉದಾಹರಣೆ. ಯಾರಾದರೂ ಕೊಟ್ಟದ್ದು ಕೈಗೆ ಬಂದರೆ ರಿಸೀವ್, ಮಾವನ ಕಾಗದ ಬಂದ ಹಾಗೆ. ಅರ್ಜಿ ಹಾಕಿ, ಕೇಳಿಕೊಂಡು ಪಡೆದರೆ ಅಬ್ಟೇನ್, ಸಂತೆಗೆ ಹೋಗಲು ಅಜ್ಜಿಯ ಅಪ್ಪಣೆ ಪಡೆದ ಹಾಗೆ. ದಿನಗಟ್ಟಲೆ ರೂಢಿಸಿಕೊಂಡು ನಮ್ಮದಾದರೆ ಅಕ್ವೈರ್, ವಿದ್ಯೆಯ ಹಾಗೆ. ಹೋಗಿ ತಂದರೆ ಫೆಚ್, ಬಾವಿಯಿಂದ ನೀರು. ಇದ್ದದ್ದು ಹೆಚ್ಚಾದರೆ ಗೇನ್: 'ದಿ ವರ್ಮ್ಸ್ ಗೇನ್ ವೇಯ್ಟ್ ಎವ್ರಿ ಡೇ'. ನಾನು ಒಮ್ಮೆ ಬಸ್ಸನ್ನು ಅಕ್ವೈರ್ ಮಾಡಿದೆ ಎಂದೆ. "ಬಸ್ಸನ್ನೇ ಕೊಂಡ್ಕಂಬುಟ್ಯಾ? ನಮ್ಮನ್ನೂ ಹತ್ತಿಸ್ಕೊಳವ್ವ ತಾಯಿ" ಎಂದು ಅವಳು ಒಂದು ವಾರ ಛೇಡಿಸಿದಳು. ಅಜ್ಜಿಗೆ ಇದೆಲ್ಲ ವಿಚಿತ್ರ.

"ಒಂದೇ ಕೆಲ್ಸಕ್ಕೆ ಅದೆಷ್ಟ್ ಹೆಸ್ರೇ? ಇಸ್ಕೊಳೋದು ಅಂದ್ರೆ ಸಾಲ್ದಾ?"

"ನಮ್ಮಲ್ಲೇನ್ ಕಮ್ಮಿನಾ ಅವ್ವ? ಇಸ್ಕೊಂಡೆ, ತಕ್ಕೊಂಡೆ, ಸಿಕ್ತು, ಗಿಟ್ತು, ದಕ್ತು. ಸಿಕ್ಕಿದ್ದೆಲ್ಲ ದಕ್ತದಾ ಹೇಳು?"

ಅಜ್ಜಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ ಯೋಚಿಸಿ, "ಅದೂ ದಿಟವೇಯ" ಎಂದಳು.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಪುಸ್ತಕದ ಬಗ್ಗೆ ಅವಳದ್ದೂ ಒಂದು ಕಾನೂನಿತ್ತು. ಅವಳ ಲೆಕ್ಕದಲ್ಲಿ ಪುಸ್ತಕಗಳಲ್ಲಿ ಎರಡೇ ಬಗೆ: ಬರೆಯಲು ಜಾಗ ಇರುವುದು, ಬರೆದು ಮುಗಿದದ್ದು. ಜಾಗ ಇರುವುದನ್ನು ಒದ್ದೆ ಕೈಯಲ್ಲಿ ಮುಟ್ಟುತ್ತಿರಲಿಲ್ಲ, ಸೆರಗಿನಿಂದ ಒರೆಸಿ ಅಟ್ಟದ ಮೇಲಿಡುತ್ತಿದ್ದಳು. ಬರೆದು ಮುಗಿದದ್ದು ಹುಳಕ್ಕೆ. ಆಗಷ್ಟೇ ಮೊಟ್ಟೆಯೊಡೆದ ಹುಳ ಸಾಸಿವೆಯಷ್ಟೂ ಇರುವುದಿಲ್ಲ, ಬಿದಿರಿನ ಸಂದಿಯಲ್ಲಿ ಉದುರಿಹೋಗುತ್ತದೆ. ಅದಕ್ಕೆ ತಟ್ಟೆಯ ಮೇಲೆ ಕಾಗದ ಹಾಸಬೇಕು. ನನ್ನ ಮಗ್ಗಿ, ನನ್ನ ಕಾಪಿ ಪುಸ್ತಕ, ಅಪ್ಪ ಓದಿದ ಕಾಲದ ಚರಿತ್ರೆಯ ನೋಟ್ಸು ಎಲ್ಲವೂ ಹೀಗೆ ಹುಳದ ಹಾಸಿಗೆಯಾಗಿದ್ದವು. ಹರಿಯುವ ಮುಂಚೆ ಪ್ರತಿ ಪುಸ್ತಕವನ್ನೂ ಅಜ್ಜಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಇನ್ನು ನನ್ನ ವಿಷಯ. ಅಮ್ಮನಿಗೆ ಹಿತ್ತಿಲು, ದನ, ಒಲೆ, ಹುಳ; ನನ್ನ ತಲೆ ಬಾಚುವವಳು, ಜಡೆಗೆ ಟೇಪು ಕಟ್ಟುವವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುವವಳು ಜಯತ್ತೆ. ಮಲಗುವುದೂ ಅವಳ ಪಕ್ಕ, ಕಾಲನ್ನು ಅವಳ ಮೇಲೆ ಹಾಕಿಕೊಂಡು. ಅವಳು ಹೋಗುವ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ. ಒಂದು ಬೆಳಿಗ್ಗೆ ಜಗಲಿಯಲ್ಲಿ ಅಪ್ಪ ಅವಳಿಗೆ ಹೇಳುತ್ತಿದ್ದ.

"ಪಾಸಾಗ್ಬುಟ್ರೆ ಹಾಸ್ಟೆಲ್‌ಗೆ ಸೇರುಸ್ತೀನಿ. ಎರಡ್ ವರ್ಸ ಅಲ್ಲೇ ಇರ್ಬೇಕಾಯ್ತದೆ. ಇರ್ತೀಯಾ?"

"ಇರ್ತೀನಣ್ಣ."

ಒಂದು ಕ್ಷಣವೂ ಯೋಚಿಸಲಿಲ್ಲ ಅವಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಮುಖದಲ್ಲಿ ಬೆಳಕಿತ್ತು. ಹೋಗ್ತಾಳಂತೆ, ಹಾಸ್ಟೆಲ್ಲಂತೆ, ಖುಷಿ ಬೇರೆಯಂತೆ. ಅವತ್ತೇ ಮಧ್ಯಾಹ್ನ ಜಯತ್ತೆ ನೋಟ್‌ಬುಕ್ಕಿನ ಕೊನೆಯ ಪುಟ ಬರೆದಳು. ಇನ್ಹೆರಿಟ್ ಎನ್ನುವ ಪದ. ಹಿರಿಯರಿಂದ ಬಂದದ್ದು ಎಂದು ವಿವರಿಸಿ, ಪುಟ್ಟಿಗೆ ಅಜ್ಜಿಯ ಮೂಗು ಬಂದಿದೆ ಎಂದು ಇಂಗ್ಲಿಷಿನಲ್ಲಿ ಬರೆದು, ನನ್ನ ಮೂಗು ಹಿಂಡಿ, ಸೊಪ್ಪು ಬಿಡಿಸಲು ತೋಟಕ್ಕೆ ಹೋದಳು. ಮೊಟ್ಟೆಗಳು ಒಡೆಯತೊಡಗಿದ್ದವು. ಅಜ್ಜಿ ಕಾಗದ ಹುಡುಕುತ್ತಾ ಬಂದಳು, ಕೈಯಲ್ಲಿ ಆ ನೋಟ್‌ಬುಕ್ಕು.

"ಪುಟ್ಟೀ, ಇದು ಬರ್ದು ಮುಗ್ದಿರೋದಾ ನೋಡವ್ವ."

ನಾನು ತೆರೆದು ನೋಡಿದೆ. ಕೊನೆಯ ಪುಟದ ಕೊನೆಯ ಗೆರೆಯವರೆಗೂ ಬರೆದಿತ್ತು. ಮಸಿ ಇನ್ನೂ ಹೊಳೆಯುತ್ತಿತ್ತು.

"ಹೂಂ ಅಜ್ಜಿ. ಪೂರಾ ಮುಗ್ದೈತೆ."

ಸುಳ್ಳೇನೂ ಹೇಳಲಿಲ್ಲ ನಾನು. ಐವತ್ತು ವರ್ಷದಿಂದ ಇದೇ ಸಮಜಾಯಿಷಿಯನ್ನು ನನಗೆ ನಾನೇ ಕೊಟ್ಟುಕೊಂಡು ಬಂದಿದ್ದೇನೆ, ಒಂದು ಸಲವೂ ನಂಬಿಲ್ಲ. ಅಜ್ಜಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಪಿನ್ನು ಬಿಚ್ಚಿ, ಹಾಳೆ ಹಾಳೆಯಾಗಿ ತಟ್ಟೆಗಳ ಮೇಲೆ ಹಾಸಿ, ಕೋಳಿಗರಿಯಿಂದ ಮೆಲ್ಲಗೆ ಹುಳಗಳನ್ನು ಸವರಿ ಇಳಿಸಿದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ.

ಜಯತ್ತೆ ಸೊಪ್ಪಿನ ಹೊರೆ ಇಳಿಸಿ, ಎಳೆ ಎಲೆ ಸಣ್ಣಗೆ ಹೆಚ್ಚಿ, ಉದುರಿಸಲು ತಟ್ಟೆ ಎಳೆದಳು. ಎಲೆಯ ಚೂರುಗಳ ನಡುವೆ ಅವಳದೇ ಅಕ್ಷರ. ಇನ್ನೊಂದು ತಟ್ಟೆ ಎಳೆದಳು, ಮತ್ತೊಂದು ಎಳೆದಳು. ಆಮೇಲೆ ಎಲೆಯ ಚೂರು ಕೆಳಗಿಟ್ಟು ಅಜ್ಜಿಯನ್ನು ಕೂಗಿದಳು. ಆಗಿದ್ದು ಅರ್ಥವಾಗುತ್ತಲೇ ಅಜ್ಜಿ ತಲೆ ಚಚ್ಚಿಕೊಂಡಳು. ನಾನು ಮುಗಿದಿದೆ ಎಂದಿದ್ದನ್ನು ಮಾತ್ರ ಅವಳು ಬಾಯಿಬಿಡಲಿಲ್ಲ. ಬೈಗುಳ ನನಗೆ ಬೀಳಬಾರದೆಂದು ನುಂಗಿಕೊಂಡಿದ್ದಳು. ಜಯತ್ತೆಯೇ ಸಮಾಧಾನ ಮಾಡಿದಳು, ನಾಳೆ ಹುಳವನ್ನು ಬೇರೆ ತಟ್ಟೆಗೆ ಎತ್ತುವಾಗ ಹಾಳೆಗಳನ್ನು ತೆಗೆದುಕೊಳ್ಳುತ್ತೇನೆ, ಕಲೆಯಾದರೂ ಓದಲು ಬರುತ್ತದೆ ಎಂದು.

ಮಾರನೆಯ ದಿನ ಅವಳು ತೋಟದಿಂದ ಬರುವಷ್ಟರಲ್ಲಿ ಅಜ್ಜಿ ತಾನೇ ಹುಳ ಎತ್ತಿ ಮುಗಿಸಿದ್ದಳು. ಹುಳ ಗೂಡು ಕಟ್ಟಲೆಂದು ಇಟ್ಟಿದ್ದ ಬಿದಿರಿನ ಚಂದ್ರಿಕೆಗಳನ್ನು ಅಂಗಳದ ಬಿಸಿಲಿಗೆ ಒರಗಿಸಿ, ಅವುಗಳ ಮೇಲೆ ಹಾಳೆಗಳನ್ನು ಒಂದೊಂದಾಗಿ ಒಣಹಾಕುತ್ತಿದ್ದಳು.

"ನೋಡೇ ಜಯೀ, ಒಂದ್ ಹಿಕ್ಕೇನೂ ಇಲ್ದಂಗೆ ತೊಳ್ದಿವ್ನಿ. ಒಣುಗ್ಲಿ, ಹೊಸ್ದಿದ್ದಂಗೆ ಆಯ್ತದೆ."

ಹೊಸದಿದ್ದ ಹಾಗೇ ಆಗಿತ್ತು. ಹಾಳೆಗಳ ಮೇಲೆ ತಿಳಿನೀಲಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದಲ್ಲಿದ್ದ ಬಾನಿಯ ನೀರೂ ನೀಲಿ, ಅಜ್ಜಿಯ ಎರಡೂ ಅಂಗೈ ನೀಲಿ. ಜಯತ್ತೆ ಹಾಳೆಗಳನ್ನು ನೋಡಿದಳು, ಅಜ್ಜಿಯ ಕೈ ನೋಡಿದಳು. ಮೊದಲು ನಕ್ಕಳು. ಆಮೇಲೆ ಅಜ್ಜಿಯ ಕೈಗಳನ್ನು ತನ್ನ ಸೆರಗಿನಿಂದ ಒರೆಸುತ್ತಾ ಒರೆಸುತ್ತಾ ಅತ್ತಳು. ಅಜ್ಜಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಎರಡು ದಿನ ಉಣ್ಣಲಿಲ್ಲ. ಮೇಷ್ಟ್ರಿಗಾಗಲೇ ದೂರದ ಊರಿಗೆ ವರ್ಗವಾಗಿತ್ತು; ಮತ್ತೆ ಬರೆಸಿಕೊಳ್ಳೋಣವೆಂದರೆ ಯಾರೂ ಇರಲಿಲ್ಲ.

ಇದ್ದವಳು ನಾನೊಬ್ಬಳೇ. ಮುದ್ದೆಗಾಗಿ, ಮಜ್ಜಿಗೆಗಾಗಿ, ಟೇಪಿಗಾಗಿ, ಉತ್ಸಾಹದ ದಿನ ಒಂದು ಚೂರು ಬೆಲ್ಲಕ್ಕಾಗಿ ಆ ಪುಸ್ತಕವನ್ನು ಪುಟಪುಟವಾಗಿ ಬಾಯಿಪಾಠ ಒಪ್ಪಿಸಿದವಳು ನಾನು. ಮೂರನೆಯ ದಿನ ಅಜ್ಜಿ ಅಟ್ಟದಿಂದ ಬರೆಯಲು ಜಾಗವಿದ್ದ ಒಂದು ಪುಸ್ತಕ ಇಳಿಸಿ, ಒರೆಸಿ, ಜಯತ್ತೆಯ ಕೈಗಿಟ್ಟಳು. ಜಯತ್ತೆ ನನ್ನನ್ನು ಜಗಲಿಯಲ್ಲಿ ಎದುರಿಗೆ ಕೂರಿಸಿಕೊಂಡಳು.

"ಪುಟ್ಟಿ, ನಿಂಗೆಲ್ಲ ಬಾಯಿಗೆ ಬತ್ತದಲ್ಲೇ. ನಾನು ಹೇಳಿದ್ ವಾಕ್ಯನೂ ಬತ್ತದೆ. ನೀನು ಹೇಳ್ತಾ ಹೋಗು, ನಾನು ಬರ್ಕೋತೀನಿ."

"ನಂಗೆ ಮರ್ತೋಯ್ತು."

"ಒಂದೂ ನೆಪ್ಪಿಲ್ವಾ?"

"ಗೆಟ್ ಒಂದು ನೆಪ್ಪೈತೆ."

ಅವಳು ಪೆನ್ನಿನ ಮುಚ್ಚಳ ತೆರೆದು ಹಿಡಿದಿದ್ದಳು. ನನ್ನ ಮುಖವನ್ನೇ ನೋಡಿದಳು. ನನಗೆ ರಿಸೀವ್, ಅಬ್ಟೇನ್, ಅಕ್ವೈರ್ ಎಲ್ಲವೂ ಗಂಟಲ ತನಕ ಬಂದು ನಿಂತಿದ್ದವು. ನಾನು ಕೆಳಗೆ ನೋಡುತ್ತಾ ಕಾಲ್ಬೆರಳಲ್ಲಿ ನೆಲ ಕೆರೆದೆ. ಅವಳು ಮುಚ್ಚಳ ಹಾಕಿ, "ಹೋಗ್ಲಿ ಬುಡು, ಬಾ ತಲೆ ಬಾಚ್ತೀನಿ" ಎಂದಳು. ಆ ದಿನ ಹೆಣೆದ ಜಡೆಯಷ್ಟು ಮೆತ್ತಗಿನ ಜಡೆಯನ್ನು ನನಗೆ ಇನ್ನಾರೂ ಹೆಣೆದಿಲ್ಲ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ನೆನಪಿದ್ದಷ್ಟನ್ನು ಅವಳೇ ಬರೆದುಕೊಂಡು ಓದಿದಳು. ಹುಳ ಗೂಡು ಕಟ್ಟುವಷ್ಟು ಹಣ್ಣಾಗಿ ಮನೆಮಂದಿಯೆಲ್ಲ ಚಂದ್ರಿಕೆಗೆ ಬಿಡುತ್ತಿದ್ದ ದಿನವೇ ಪರೀಕ್ಷೆ ಬಂತು. ನಿನ್ನ ಪಾಲಿನ ಹುಳ ನಾನು ಆಯುತ್ತೇನೆ, ನೀನು ಹೋಗು ಎಂದು ಅಜ್ಜಿ ಅವಳನ್ನು ಬಸ್ಸಿನವರೆಗೂ ಬಿಟ್ಟು ಬಂದಳು. ಎರಡೇ ಎರಡು ಮಾರ್ಕಿಗೆ ಹೋಯಿತು. ಆ ನೋಟ್‌ಬುಕ್ಕು ಇದ್ದಿದ್ದರೆ ಆ ಎರಡು ಮಾರ್ಕು ಬರುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ನನ್ನ ಮಟ್ಟಿಗೆ ಬರುತ್ತಿತ್ತು. ಅದೇ ವರ್ಷ ಮರಳವಾಡಿಯ ಕಡೆಯಿಂದ ಗಂಡು ಬಂತು. ಒಳ್ಳೆಯ ಜನ, ಹೊಲ ತೋಟ ಇದ್ದವರು. ಅವಳನ್ನು ಉಳಿಸಿಕೊಳ್ಳಲು ಮಾಡಿದ್ದೆಲ್ಲ ಅವಳನ್ನು ಇನ್ನೂ ದೂರ ಕಳಿಸಿತು. ರಾಮನಗರಕ್ಕೆ ಹೋಗಿದ್ದರೆ ಎರಡೇ ವರ್ಷ, ಭಾನುವಾರ ಭಾನುವಾರ ಮನೆಗೆ ಬರುತ್ತಿದ್ದಳು. ಮರಳವಾಡಿಯಿಂದ ಗೌರಿ ಹಬ್ಬಕ್ಕೊಮ್ಮೆ ಬರುತ್ತಿದ್ದಳು, ಅದೂ ನೆಂಟರ ಹಾಗೆ. ಜಯತ್ತೆ ನನಗೆ ಸಿಕ್ಕಿದ್ದಳು, ದಕ್ಕಲಿಲ್ಲ.

ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಮುದ್ದೆ ಕೇಳಿದ ತಕ್ಷಣ ಸಿಗುತ್ತಿತ್ತು. ಅಮ್ಮ ಸುಮ್ಮನೆ ಇಕ್ಕಿ ಹೋಗುತ್ತಿದ್ದಳು. ನಾನು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುತ್ತಾ, ಅವಳಿಗೆ ಹೇಳದೇ ಉಳಿಸಿಕೊಂಡ ಆ ಪದಗಳನ್ನು, ವಾಕ್ಯಗಳ ಸಮೇತ, ಗಿಡಗಳಿಗೆ ಒಪ್ಪಿಸುತ್ತಿದ್ದೆ. ಎಲ್ಲಿ ಮರೆತುಬಿಡುತ್ತೇನೋ ಎಂಬ ಹೆದರಿಕೆ. ಹಾಗೆ ಒಪ್ಪಿಸಿ ಒಪ್ಪಿಸಿಯೇ ನನಗೆ ಇಂಗ್ಲಿಷ್ ಬಂದದ್ದು, ಅದರಿಂದಲೇ ಕನಕಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ಅನ್ನ ತಿಂದದ್ದು. ಮಕ್ಕಳು ಗೆಟ್ ಎಂದು ಬರೆದರೆ ಕೆಂಪು ಮಸಿಯಲ್ಲಿ ಹೊಡೆದು ಹಾಕುತ್ತಿದ್ದೆ. ತಪ್ಪಲ್ಲ ಎಂದು ಗೊತ್ತಿದ್ದೂ ಹೊಡೆಯುತ್ತಿದ್ದೆ. ಗೆಟ್ ಮೇಡಂ ಎಂದೇ ನನಗೆ ಅಡ್ಡಹೆಸರು. ಹಿಂದಿನಿಂದ ಕೂಗಿ ಓಡುತ್ತಿದ್ದವು, ಪೋಲಿ ಮುಂಡೇವು.

ಹೋದ ತಿಂಗಳು ಮರಳವಾಡಿಗೆ ಹೋಗಿದ್ದೆ. ಜಯತ್ತೆಗೆ ಈಗ ಎಪ್ಪತ್ತು ಸಮೀಪ. ಮನೆ ತುಂಬ ಮೊಮ್ಮಕ್ಕಳು, ಕೊಟ್ಟಿಗೆಯಲ್ಲಿ ನಾಲ್ಕು ಹಸು, ಹುಳ ಸಾಕಲು ತೋಟದಲ್ಲೇ ಬೇರೆ ಶೆಡ್ಡು. ಸೊಸೆಯನ್ನು ಪಕ್ಕಕ್ಕೆ ಸರಿಸಿ ತಾನೇ ಒಲೆ ಮುಂದೆ ಕೂತು ಅಡುಗೆ ಮಾಡಿದಳು. ಮಧ್ಯಾಹ್ನ ನಾವಿಬ್ಬರೇ ಅಡುಗೆಮನೆಯಲ್ಲಿ ಉಳಿದೆವು. ಸಾರಿನ ಪಾತ್ರೆ ತೆಗೆದಾಗ ನಾನು ಬಗ್ಗಿ ನೋಡಿದೆ.

"ಒಗ್ರಣೆ ಇಲ್ಲ ಕಣೆ. ನಿನಗೇ ಅಂತ ಹಂಗ್ ಮಾಡಿವ್ನಿ."

ಆಗ ತಡೆಯಲಾಗಲಿಲ್ಲ ನನಗೆ. ಅಜ್ಜಿ ಪುಸ್ತಕ ಹಿಡಿದು ಬಂದದ್ದು, ಮುಗಿದಿದೆ ಎಂದು ನಾನು ಹೇಳಿದ್ದು, ಜಗಲಿಯಲ್ಲಿ ಮರೆತಿದೆ ಎಂದದ್ದು, ಒಂದಕ್ಷರವೂ ಮರೆತಿರಲಿಲ್ಲ ಎನ್ನುವುದು, ಎಲ್ಲವನ್ನೂ ಗಂಗಾಳದ ಮುಂದೆ ಕೂತು ಹೇಳಿಬಿಟ್ಟೆ. ಅರವತ್ತರ ಹೆಂಗಸು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಜಯತ್ತೆ ಮುದ್ದೆಗೆ ಕೈ ಒದ್ದೆ ಮಾಡಿಕೊಳ್ಳುತ್ತಾ ಕೇಳಿಸಿಕೊಂಡಳು.

"ಗೊತ್ತಿತ್ತು ಕಣೆ. ನಮ್ಮವ್ವಂಗೆ ಓದಕ್ ಬರ್ನಿಲ್ಲ. ಮುಗ್ದೈತೆ ಅಂತ ಅವಳ್ಗೆ ಇನ್ಯಾರ್ ಹೇಳ್ತಾರೆ? ಗೆಟ್ ಒಂದು ನೆಪ್ಪೈತೆ ಅಂದ್ಯಲ್ಲ, ಆವಾಗ್ಲೇ ಮಿಕ್ಕಿದ್ದೆಲ್ಲ ನೆಪ್ಪೈತೆ ಅಂತ ತಿಳ್ದೋಯ್ತು."

"ಮತ್ತೆ ಯಾಕೆ ಬೈಲಿಲ್ಲ ಜಯತ್ತೆ? ಎರಡು ಬಿಗಿದಿದ್ದರೆ ಹೇಳ್ತಿದ್ದೆ."

"ನೀನು ನನ್ ಮೇಲೆ ಕಾಲು ಹಾಕ್ಕೊಂಡು ಮಲಗ್ತಿದ್ದೆ. ಹೆಂಗ್ ಹೊಡೀಲಿ? ಅವತ್ತು ಸಿಟ್ಟು ಬಂದಿತ್ತು. ತುಂಬಾ ವರ್ಸ ಇತ್ತು ಸಿಟ್ಟು. ಇಲ್ಲ ಅಂದ್ರೆ ಸುಳ್ಳಾಯ್ತದೆ."

ಇಷ್ಟು ಹೇಳಿ ಅವಳು ಬಿಸಿ ಮುದ್ದೆಯನ್ನು ಪಾತ್ರೆಯಲ್ಲಿ ಉರುಳಿಸಿ, ಸೊಂಟಕ್ಕಿಟ್ಟುಕೊಂಡು, ನನ್ನ ಮುಂದೆ ನಿಂತಳು. ಮೊಣಕಾಲು ನೋವಿಗೆ ಒಂದು ಕೈ ಗೋಡೆಗೆ ಆನಿಸಿದ್ದಳು. ಕಣ್ಣಲ್ಲಿ ಮಾತ್ರ ಅದೇ ಹಳೆಯ ತುಂಟತನ.

"ಸುಮ್ಕೆ ಗಂಗಾಳ ಒಡ್ಬೇಡ. ಏನಂತಾರೆ ಹೇಳು."

ಹುಡುಕಿದೆ. ಮೂವತ್ತು ವರ್ಷ ಪಾಠ ಹೇಳಿದವಳು ಹುಡುಕಿದೆ. ಅರ್ನ್ ಎನ್ನಲು ನನಗೆ ಬಾಯಿಲ್ಲ. ರಿಸೀವ್ ಎನ್ನೋಣವೆಂದರೆ ನಾನು ಉಂಡ ಇಂಗ್ಲಿಷಿನ ಅನ್ನ ಅವಳು ಕೊಟ್ಟದ್ದಲ್ಲ, ನಾನು ಕಿತ್ತುಕೊಂಡದ್ದು. ಉಳಿದದ್ದು ಒಂದೇ ಪದ, ಅದನ್ನೇ ಹೇಳಿದೆ.

"ಸ್ಟೀಲ್, ಜಯತ್ತೆ. ಕದ್ದದ್ದು."

ಅವಳು ತಲೆ ಅಲ್ಲಾಡಿಸಿದಳು.

"ಆ ಮಾತು ನಮ್ ಬುಕ್ಕಲ್ಲಿ ಇರ್ನಿಲ್ಲ. ಗೆಟ್ ಅನ್ನು."

"ಗೆಟ್ ಅಂದ್ರೆ ಮುದ್ದೆ ಇಲ್ಲ ಅಂತಿದ್ದೆ."

"ಅಂತಿದ್ದೆ. ಈಗ ಅನ್ನು, ಮುದ್ದೆ ಆರೋಯ್ತದೆ."

ನಾನು ಗೆಟ್ ಎಂದೆ. ಜಯತ್ತೆ ಮುದ್ದೆ ಇಕ್ಕಿದಳು.